ಗೇರು, ಗುಂಡುಕಲ್ಲು ಮತ್ತು ಪಿಳ್ಳಮ್ಮನವರ ಎಡಗಾಲು

ಟ್ರ್ಯಾಕ್ಟರ್ ಕಾರ್ಖಾನೆಯವರು ಮಾಡಿದ ತಪ್ಪಿಗೆ ಕಾಲು ಮುರಿದುಕೊಂಡವರು ಕಾರ್ಖಾನೆಯವರಲ್ಲ, ಪಿಳ್ಳಮ್ಮ. ಕಾರ್ಖಾನೆಯ ಯಾವ ಅಧಿಕಾರಿಯ ಕಾಲಿಗೂ ಈವರೆಗೆ ಒಂದು ಮುಳ್ಳು ಚುಚ್ಚಿದ ವರ್ತಮಾನವಿಲ್ಲ. ಅರವತ್ತು ದಾಟಿದ, ಹುಟ್ಟಿದಾಗಿನಿಂದ ಟ್ರ್ಯಾಕ್ಟರಿನ ಮೇಲೆ ಕೂರದ, ಕೂರುವ ಆಸೆಯನ್ನೂ ಇಟ್ಟುಕೊಳ್ಳದ, ತನ್ನ ಪಾಡಿಗೆ ತಾನು ಜಗಲಿಯ ಮೇಲೆ ಕುಳಿತು ಕಡ್ಲೆಪುರಿ ಅಳೆದುಕೊಡುತ್ತಿದ್ದ ಒಬ್ಬ ಹೆಂಗಸಿನ ಎಡಗಾಲು ಮುರಿಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಈ ಪ್ರಸಂಗದಲ್ಲಿ ನಿಮಗೆ ನಗು ಬರುವ ಸಂದರ್ಭಗಳಿವೆ. ನಗುವ ಭರದಲ್ಲಿ ಆ ಕಾಲನ್ನು ನೀವು ಮರೆಯಬಾರದು.

ತಪ್ಪನ್ನು ಕಂಡರೆ ಹೆಸರು ಹಿಡಿದು ಹೇಳುವುದು ನನ್ನ ಹುಟ್ಟುಗುಣವಲ್ಲ, ಕಲಿತ ವಿದ್ಯೆ. ನಾನು ಓದಿದ ಶಾಲೆ ಹೊಸ ವಿಚಾರದ್ದು. ಅಲ್ಲಿ ಬೆತ್ತವಿರಲಿಲ್ಲ, ಬೆತ್ತದ ಬದಲಿಗೆ ಶನಿವಾರದ ಸಭೆಯಿತ್ತು. ಆ ವಾರದಲ್ಲಿ ಕಂಡ ಅನ್ಯಾಯಗಳನ್ನು ಮಕ್ಕಳು ಎದ್ದು ನಿಂತು ಹೇಳಬೇಕು. ಯಾರೂ ಏಳದಿದ್ದರೆ ನಮ್ಮ ಮುಖ್ಯೋಪಾಧ್ಯಾಯಿನಿಯವರು, "ಅನ್ಯಾಯವಿಲ್ಲದ ವಾರ ಇರುವುದಿಲ್ಲ, ಕಣ್ಣಿಲ್ಲದ ಮಕ್ಕಳು ಇರಬಹುದು" ಎನ್ನುತ್ತಿದ್ದರು. ಕಣ್ಣಿಲ್ಲದವಳು ಎನ್ನಿಸಿಕೊಳ್ಳಲಾರದೆ ನಾನೊಂದು ಶನಿವಾರ ಎದ್ದು, ಶಾಲೆಯ ಯುಗಾದಿಯ ಊಟದಲ್ಲಿ ಎರಡು ಒಬ್ಬಟ್ಟು ಬಡಿಸಿಕೊಂಡವರು ಮುಖ್ಯೋಪಾಧ್ಯಾಯಿನಿಯವರೊಬ್ಬರೇ ಎಂದು ತಿಳಿಸಿದೆ. ಅವರು ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಇಡೀ ಸಭೆಯಿಂದ ನನಗೆ ಚಪ್ಪಾಳೆ ಹೊಡೆಸಿದರು. ನಾನು ಕೆಟ್ಟದ್ದು ಆ ಚಪ್ಪಾಳೆಯಿಂದ. ಒಂದು ಬೆತ್ತದೇಟು ಬಿದ್ದಿದ್ದರೆ ಈ ಹೊತ್ತು ನಾನೂ ಎಲ್ಲರಂತೆ ಸುಖವಾಗಿರುತ್ತಿದ್ದೆನೇನೋ.

ನಂದಗುಡಿ ಹೋಬಳಿಯಲ್ಲಿ ಒಂದು ದಿಣ್ಣೆಯ ಮೇಲಿರುವ ಊರಿಗೆ ಉಪಾಧ್ಯಾಯಿನಿಯಾಗಿ ನಾನು ಬಂದಾಗ ನನ್ನ ಟ್ರಂಕಿನಲ್ಲಿ ನಾಲ್ಕು ಸೀರೆ, ಒಂದು ಛತ್ರಿ ಮತ್ತು "ಅನ್ಯಾಯಗಳು" ಎಂದು ಮೇಲೆ ಬರೆದ ಇನ್ನೂರು ಪುಟದ ನೋಟುಪುಸ್ತಕ ಇದ್ದವು. ಬಂದ ತಿಂಗಳಲ್ಲೇ ಪುಸ್ತಕದ ಕಾಲುಭಾಗ ತುಂಬಿತು. ಮೊದಲ ಪುಟದಲ್ಲಿರುವವರು ಪೋಸ್ಟ್‌ಮನ್ ಗೋವಿಂದಯ್ಯ. ಈ ಮನುಷ್ಯ ಕಾಗದಗಳನ್ನು ಹಂಚುತ್ತಿರಲಿಲ್ಲ, ಪ್ರಚಾರ ಮಾಡುತ್ತಿದ್ದರು. ಅರಳಿಕಟ್ಟೆಯ ಮೇಲೆ ಕುಳಿತು, ಬಂದ ಕಾಗದವನ್ನೆಲ್ಲ ತಾವೇ ಒಡೆದು, "ಲೇ ಚಿಕ್ಕಣ್ಣ, ನಿನ್ ಭಾವಮೈದ ಹಸು ಮಾರಿದ್ನಂತೆ, ಕರು ಸತ್ತೋಯ್ತಂತೆ" ಎಂದು ಕೂಗಿ ಹೇಳುತ್ತಿದ್ದರು. ರಿಜಿಸ್ಟರ್ ಕಾಗದ ಬಂದರೆ ವಿಳಾಸದಾರನ ಸಹಿಯನ್ನು ತಾವೇ ಹಾಕಿ, ತಾವೇ ಓದಿ, ತಾವೇ ಉತ್ತರವನ್ನೂ ಬರೆದುಬಿಡುತ್ತಿದ್ದುದುಂಟು. ನಾನು ದಿಗ್ಭ್ರಮೆಗೊಂಡೆ. ಪತ್ರದ ಗೌಪ್ಯ ನಾಗರಿಕನ ಹಕ್ಕು! ಮೇಲಧಿಕಾರಿಗಳಿಗೆ ನಾಲ್ಕು ಪುಟದ ದೂರು ಬರೆದೆ. ಗೋವಿಂದಯ್ಯನವರಿಗೆ ಎಚ್ಚರಿಕೆ ಬಂತು. ಅಂದಿನಿಂದ ಅವರು ಬಾಯಿ ಹೊಲಿದುಕೊಂಡರು. ಊರವರು ನನ್ನ ಮೇಲೆ ಸ್ವಲ್ಪ ಮುನಿಸಿಕೊಂಡರು, ಏಕೆಂದರೆ ಅಲ್ಲಿಗೆ ಅವರ ವಾರ್ತಾಪ್ರಸಾರವೇ ನಿಂತುಹೋಗಿತ್ತು.

ಎರಡನೆಯ ಸುಧಾರಣೆ ಸಂಜೆಯ ಪಾಠ. ದೊಡ್ಡವರಿಗೆ ಅಕ್ಷರ ಕಲಿಸತೊಡಗಿದೆ. ತಮಗೆ ಓದಲು ಬಾರದ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ಮನೆಗಳು ಆ ಊರಿನಲ್ಲಿ ಎರಡಿದ್ದವು. ಅದನ್ನು ಕೇಳಿದ ದಿನ ನನಗೆ ಅನ್ನ ಸೇರಲಿಲ್ಲ. ಮರುದಿನ ಕಾವಿಯನ್ನು ನೀರಿನಲ್ಲಿ ಕಲಸಿ ಶಾಲೆಯ ಗೋಡೆಯ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ಬರೆದೆ: "ಓದದೆ ಸಹಿ ಹಾಕಬೇಡಿ." ಪ್ರತಿ ಸಂಜೆ ಪಾಠಕ್ಕೆ ಮೊದಲು ಎಲ್ಲರೂ ಎದ್ದು ನಿಂತು ಈ ವಾಕ್ಯವನ್ನು ಮೂರು ಸಲ ಹೇಳಬೇಕು. ಹೇಳುವವರಲ್ಲಿ ಎಲ್ಲರಿಗಿಂತ ಗಟ್ಟಿ ಗಂಟಲು ಮುನಿಶಾಮಪ್ಪನವರದು. ಐವತ್ತರ ವಯಸ್ಸಿನಲ್ಲಿ ತಮ್ಮ ಹೆಸರನ್ನು ಬರೆಯಲು ಕಲಿತ ಅವರು ನನ್ನ ಶಿಷ್ಯರಲ್ಲಿ ಅಗ್ರಗಣ್ಯರು, ನಾನು ಊಟದ ಸಮೇತ ಬಾಡಿಗೆಗಿದ್ದ ಕೋಣೆಯ ಯಜಮಾನರು, ಮತ್ತು ಈ ಕಥೆಯ ಟ್ರ್ಯಾಕ್ಟರಿನ ಒಡೆಯರು.

ಆ ಟ್ರ್ಯಾಕ್ಟರ್ ಊರಿಗೆ ಬಂದ ದಿನ ನನಗೂ ಹೆಮ್ಮೆಯಾಗಿತ್ತು. ಊರಿಗೆ ಅದೇ ಮೊದಲನೆಯದು. ಕಾಯುವವರ ಪಟ್ಟಿಯಲ್ಲಿ ಹೆಸರು ಹಾಕಿಸಿ ವರ್ಷಗಟ್ಟಲೆ ಕಾದು ತಂದದ್ದು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಹಣೆಗೆ, ಎಂದರೆ ದೀಪಗಳ ನಡುವಿನ ಜಾಗಕ್ಕೆ, ಕುಂಕುಮ ಹಚ್ಚಿ, ಮುನಿಶಾಮಪ್ಪನವರ ಹೆಂಡತಿ ನಂಜಮ್ಮ ಆರತಿ ಎತ್ತಿದರು. ಆಗ ಊರಿನ ಹಿರಿಯರು ಮಾಡಿದ ಕೆಲಸವನ್ನು ಕಂಡು ನಾನು ಬೆಚ್ಚಿದೆ. ಎತ್ತು ಕೊಳ್ಳುವಾಗ ಮೈಮೇಲಿನ ಸುಳಿ ನೋಡುವಂತೆ, ಇಬ್ಬರು ಮುದುಕರು ಟ್ರ್ಯಾಕ್ಟರಿನ ಸುತ್ತ ಮೂರು ಸುತ್ತು ಬಂದು, ಬಗ್ಗಿ, ಅದರ ಹೊಟ್ಟೆಯ ಕೆಳಗೆ ಕೈಯಾಡಿಸಿ, ಯಾವುದೋ ಬೋಲ್ಟಿನ ಸುತ್ತ ಬಣ್ಣ ಸುರುಳಿಯಾಗಿ ಒಣಗಿರುವುದನ್ನು ಪತ್ತೆಹಚ್ಚಿದರು.

"ಸುಳಿ ಸರಿಯಾಗಿಲ್ಲ ಕಣಪ್ಪ ಮುನಿಶಾಮ. ಇದು ಕಟ್ಟಿದ್ ಕಡೆ ನಿಲ್ಲೋ ಜಾತಿ ಅಲ್ಲ."

ಇದು ಮೂಢನಂಬಿಕೆಯ ಪರಾಕಾಷ್ಠೆ ಎಂದು ನಾನು ಅರ್ಧ ಗಂಟೆ ಭಾಷಣ ಮಾಡಿದೆ. ಯಂತ್ರಕ್ಕೆ ಸುಳಿಯಿಲ್ಲ, ವಿಜ್ಞಾನವಿದೆ ಎಂದೆ. ಮುದುಕರು ತಲೆಯಾಡಿಸಿ ಎದ್ದುಹೋದರು. ಹದಿನೈದು ದಿನ ಕಳೆಯುವುದರೊಳಗೆ ಅವರ ಮಾತು ನಿಜವಾದದ್ದು, ನನ್ನ ಬಾಳಿನಲ್ಲಿ ವಿಜ್ಞಾನಕ್ಕೆ ಆದ ಅತಿ ದೊಡ್ಡ ಅವಮಾನ.

ದೋಷವಿದ್ದದ್ದು ಗೇರಿನಲ್ಲಿ. ಗೇರು ಹಾಕಿದರೆ ಬೀಳುತ್ತಿತ್ತು. ಆದರೆ ಬಿದ್ದಲ್ಲಿ ನಿಲ್ಲುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ "ಟಕ್" ಎಂದು ತಾನೇ ಹೊರಬಂದು ನ್ಯೂಟ್ರಲ್ಲಿಗೆ ಸರಿಯುತ್ತಿತ್ತು. ಉಳುವಾಗ ಮುನಿಶಾಮಪ್ಪ ಗೇರುಕೋಲನ್ನು ಮೊಣಕಾಲಿನಿಂದ ಅದುಮಿ ಹಿಡಿದಿರುತ್ತಿದ್ದರು. ಮೊಣಕಾಲು ಸೋತರೆ ಅದನ್ನು ಹಗ್ಗದಿಂದ ಸೀಟಿನ ಕಂಬಿಗೆ ಕಟ್ಟುತ್ತಿದ್ದರು. ಕೈಬ್ರೇಕು ಮೊದಲ ಮಳೆಗಾಲದಲ್ಲೇ ಕೈಬಿಟ್ಟಿತ್ತು. ಬ್ಯಾಟರಿಯೂ ಸೋತದ್ದರಿಂದ ಬೆಳಗ್ಗೆ ಸ್ಟಾರ್ಟ್ ಮಾಡಬೇಕಾದರೆ ಇಳಿಜಾರಿನಲ್ಲಿ ಉರುಳಿಸಬೇಕು. ಆದ್ದರಿಂದ ಅದನ್ನು ಮನೆಯ ಮುಂದೆ, ಮೂಗು ಕೆಳಮುಖವಾಗಿ, ದಿಣ್ಣೆಯ ತುದಿಯಲ್ಲಿ ನಿಲ್ಲಿಸುತ್ತಿದ್ದರು. ದಿಣ್ಣೆಯ ಬುಡದಲ್ಲಿ, ಟ್ರ್ಯಾಕ್ಟರಿನ ಮೂಗಿನ ನೇರಕ್ಕೆ, ಪಿಳ್ಳಮ್ಮನವರ ಜಗಲಿ. ನಿತ್ಯ ಬೆಳಗ್ಗೆ ನಾನು ಕಿಟಕಿ ತೆರೆದರೆ ಮೊದಲು ಟ್ರ್ಯಾಕ್ಟರಿನ ಬೆನ್ನು ಕಾಣುತ್ತಿತ್ತು, ಅದರಾಚೆ ಪುರಿಯ ಬುಟ್ಟಿಗಳ ನಡುವೆ ಕಾಲು ಚಾಚಿ ಕುಳಿತ ಆ ಮುದುಕಿ ಕಾಣುತ್ತಿದ್ದರು.

"ಇದನ್ನು ಮಾರಿದವರಿಗೆ ಕಾಗದ ಬರೆಯೋಣ, ಯಜಮಾನರೆ. ತಪ್ಪು ಅವರದು" ಎಂದು ನಾನು ಹೇಳಿದಾಗ ಮುನಿಶಾಮಪ್ಪನವರ ಮುಖದಲ್ಲಿ ನೋವು ಕಾಣಿಸಿತು.

"ಅದೆಂಗಾಯ್ತದೆ ಮೇಷ್ಟ್ರಮ್ಮ? ಕೊಂಡ ಎತ್ತು ಹಾಯ್ತದೆ, ಒದೀತದೆ ಅಂತ ಮಾರಿದವ್ನ ಮನೆ ಬಾಗಿಲಿಗೆ ಹೋಗೋಕಾಯ್ತದಾ? 'ನಿನ್ ಕಣ್ಣೆಲ್ಲಿಗ್ ಹೋಗಿತ್ತು' ಅನ್ನಲ್ವಾ ಅವ್ನು? ಮನೆಗ್ ಬಂದ್ ಮೇಲೆ ಮುಗೀತು. ಅದ್ರ ಗುಣ ನೋಡ್ಕೊಂಡು ನಾವೇ ಬಾಳ್ವೆ ಮಾಡ್ಬೇಕು."

"ಇದು ಎತ್ತಲ್ಲ, ಯಂತ್ರ!"

"ಎತ್ತಾದ್ರೆ ಬೈದ್ರಾದ್ರೂ ಕೇಳ್ತಿತ್ತು" ಎಂದು ಒಳಗಿನಿಂದ ನಂಜಮ್ಮ ಸೇರಿಸಿದರು.

ನಂಜಮ್ಮನವರ ಕಹಿಗೆ ಕಾರಣವಿತ್ತು, ಮತ್ತು ಆ ಕಾರಣ ನನ್ನ ಊಟದ ತಟ್ಟೆಯವರೆಗೂ ಚಾಚಿತ್ತು. ಟ್ರ್ಯಾಕ್ಟರಿನ ಚಕ್ರಕ್ಕೆ ಅಡ್ಡ ಇಡಲು ಊರಿನ ಹತ್ತಾರು ಕಲ್ಲುಗಳನ್ನು ಪ್ರಯೋಗಿಸಿ ನೋಡಿದ ಮುನಿಶಾಮಪ್ಪ, ಕೊನೆಗೆ ತಮ್ಮ ಮನೆಯ ಒರಳಿನ ಗುಂಡುಕಲ್ಲೇ ಸರಿಯೆಂದು ತೀರ್ಮಾನಿಸಿದ್ದರು. ಚಿಕ್ಕ ಕಲ್ಲನ್ನು ಚಕ್ರ ಹತ್ತಿ ದಾಟುತ್ತಿತ್ತು, ದೊಡ್ಡದನ್ನು ಎತ್ತಲಾಗುತ್ತಿರಲಿಲ್ಲ. ಗುಂಡುಕಲ್ಲಿನ ಬುಡ ದಪ್ಪ, ಕುತ್ತಿಗೆ ಸಣ್ಣ. ಅಡ್ಡ ಮಲಗಿಸಿದರೆ ಅದು ಉರುಳಲು ಹೋಗಿ ತನ್ನ ಸುತ್ತ ತಾನೇ ತಿರುಗಿ, ಟೈರಿನ ಅಡಿಯಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತಿತ್ತು. ಯಂತ್ರಶಾಸ್ತ್ರದ ದೃಷ್ಟಿಯಿಂದ ಇದು ಮೆಚ್ಚತಕ್ಕ ಆವಿಷ್ಕಾರ. ಆದರೆ ಸಾರಿನ ದೃಷ್ಟಿಯಿಂದ ವಿನಾಶ. ಟ್ರ್ಯಾಕ್ಟರ್ ಹೊರಟರೆ ಗುಂಡೂ ಅದರ ಸಂಗಡ. ಟ್ರ್ಯಾಕ್ಟರ್ ಮನೆಯಲ್ಲಿದ್ದರೆ ಗುಂಡು ಚಕ್ರದಡಿ. ಗುಂಡು ಚಕ್ರದಡಿಯಿದ್ದರೆ ಒರಳು ಖಾಲಿ. ಒರಳು ಖಾಲಿಯಿದ್ದರೆ ಖಾರ ಅರೆಯುವಂತಿಲ್ಲ. ಮೂರು ತಿಂಗಳು ನಾವು ಮುದ್ದೆಯನ್ನು ಅರೆದ ಖಾರವಿಲ್ಲದ, ಮೆಣಸಿನಕಾಯಿ ಕಿವುಚಿದ ನೀರಿನಲ್ಲಿ ಅದ್ದಿ ನುಂಗಿದೆವು. ಒಂದು ಕಾರ್ಖಾನೆಯ ಅಜಾಗ್ರತೆ, ಎಲ್ಲಿಯೋ ಇರುವ ಒಂದು ಅಡುಗೆಮನೆಯ ಹೆಂಗಸಿನ ರೆಟ್ಟೆಗೂ ಅವಳ ಮನೆಯವರ ನಾಲಿಗೆಗೂ ಹೇಗೆ ತಲುಪುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರು ಗಮನಿಸಬೇಕು. ನಾನಂತೂ ಗಮನಿಸಿ, ಪುಸ್ತಕದಲ್ಲಿ ಬರೆದುಕೊಂಡೆ.

ಈ ನಡುವೆ ಒಂದು ಸಂಜೆ ಪಾಠದಲ್ಲಿ ಮುನಿಶಾಮಪ್ಪ ಎದ್ದು ನಿಂತು, ಎದೆಯುಬ್ಬಿಸಿ ಹೇಳಿದರು: "ಮೇಷ್ಟ್ರಮ್ಮ, ಇವತ್ತು ಒಬ್ರು ಸೈ ಹಾಕು ಅಂತ ಕಾಗ್ದ ತಂದಿದ್ರು. ಓದೋಕ್ ಕೊಡಿ, ಆಮೇಲೆ ಹಾಕ್ತೀನಿ ಅಂದೆ. ಮೊದ್ಲು ಹಾಕು, ಆಮೇಲೆ ಓದು ಅಂದ್ರು. ಹಂಗಾದ್ರೆ ನಿಮ್ ಕಾಗ್ದ ನಿಮ್ಗೇ ಇರ್ಲಿ, ಹೋಗಿ ಅಂದ್ಬಿಟ್ಟೆ."

ನನ್ನ ಕಣ್ಣಿನಲ್ಲಿ ನೀರು ಬಂತು. ಶತಮಾನಗಳ ಕತ್ತಲೆಗೆ ಒಬ್ಬ ರೈತ ಸೆಟೆದು ಉತ್ತರ ಕೊಟ್ಟಿದ್ದ! ಯಾವ ಕಾಗದ, ತಂದವರು ಯಾರು ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಅಷ್ಟು ದೊಡ್ಡ ತತ್ವದ ಮುಂದೆ ಅಂಥ ಚಿಲ್ಲರೆ ವಿವರಗಳು ಯಾರಿಗೆ ಬೇಕು? ನಮ್ಮ ಮುಖ್ಯೋಪಾಧ್ಯಾಯಿನಿಯವರನ್ನು ಮನಸ್ಸಿನಲ್ಲಿ ನೆನೆದು ಇಡೀ ತರಗತಿಯಿಂದ ಚಪ್ಪಾಳೆ ಹೊಡೆಸಿದೆ. ಅದಾದ ಮೇಲೆ ಮುನಿಶಾಮಪ್ಪ ಇನ್ನೂ ಎರಡು ಸಲ ಹೀಗೆಯೇ ಗೆದ್ದು ಬಂದರು. ಎರಡು ಸಲವೂ ಚಪ್ಪಾಳೆ.

ಅವರೆಕಾಯಿ ಕಾಲ ಬಂತು. ಹೊಸಕೋಟೆ ಸೀಮೆಯಲ್ಲಿ ಅವರೆಕಾಯಿ ಕಾಲ ಎಂದರೆ ಬರಿಯ ಒಂದು ಬೆಳೆಯ ಕಾಲವಲ್ಲ. ಮನುಷ್ಯರು ಒಬ್ಬರನ್ನೊಬ್ಬರು ಕ್ಷಮಿಸುವ ಕಾಲ. ಎಲ್ಲರ ಮನೆಯ ಮುಂದೆ ಸಿಪ್ಪೆಯ ರಾಶಿ, ಬೀದಿಯ ಗಾಳಿಯಲ್ಲಿ ಸೊಗಡು. ಎಲ್ಲರ ಮನೆಯಲ್ಲೂ ಹಿತಕಿದ ಬೇಳೆಯ ಸಾರು, ನಮ್ಮ ಮನೆಯೊಂದನ್ನು ಬಿಟ್ಟು. ನಾನು ಒಂದು ರಾತ್ರಿ ಊಟಕ್ಕೆ ಕುಳಿತಾಗ, ಬೇಸರದಿಂದಲ್ಲ, ತತ್ವದ ಮಾತಾಗಿಯೇ ಹೇಳಿದೆ: "ನಂಜಮ್ಮನವರೆ, ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರಿಲ್ಲದ ಮನೆ ಎಂದರೆ ಅದೊಂದು ಅನ್ಯಾಯ."

ನಂಜಮ್ಮ ಅಷ್ಟೊತ್ತಿನಲ್ಲೇ ಕಾಯಿ ಬಿಡಿಸಿ ನೆನೆಹಾಕಿದರು. ಬೆಳಗ್ಗೆ ಎದ್ದು ಒಂದೊಂದೇ ಕಾಳನ್ನು ಬೆರಳಿನಲ್ಲಿ ಹಿತಕಿ ಬೇಳೆ ಬಿಡಿಸಿದರು. ತೆಂಗಿನಕಾಯಿ ತುರಿದರು, ಕೊತ್ತಂಬರಿ ಹುರಿದರು. ಆಮೇಲೆ ಸೆರಗು ಕಟ್ಟಿ ಒರಳಿನ ಮುಂದೆ ಹೋಗಿ ನಿಂತರು. ಒರಳು ಖಾಲಿ. ಯಜಮಾನರು ಕೆರೆಯ ಕಡೆ ಹೋಗಿದ್ದರು. ನಾನು ಕೋಣೆಯಲ್ಲಿ ಕುಳಿತು, ಟ್ರ್ಯಾಕ್ಟರನ್ನು ಹೀಗೆ ಇಳಿಜಾರಿನಲ್ಲಿ ನಿಲ್ಲಿಸುವುದು ನಾಗರಿಕ ಹೊಣೆಗಾರಿಕೆಗೆ ಎಷ್ಟು ವಿರುದ್ಧ ಎಂಬ ವಿಷಯವಾಗಿ ಒಂದು ಲೇಖನದ ಎರಡನೆಯ ಪ್ಯಾರಾ ಬರೆಯುತ್ತಿದ್ದೆ. ಹೊರಗಿನಿಂದ ನಂಜಮ್ಮನವರ ಧ್ವನಿ ಕೇಳಿತು.

"ಗೇರಲ್ಲೈತಲ್ಲ, ನಿಂತಿರ್ತದೆ ಬಿಡು. ಖಾರ ಅರ್ಕೊಂಡು ವಾಪಸ್ ಇಟ್ಟರಾಯ್ತು."

ಆಮೇಲೆ ಗುಂಡು ಎಳೆದ ಸದ್ದು. ಆಮೇಲೆ ಒರಳಿನಲ್ಲಿ ಗುಂಡು ತಿರುಗುವ ಸದ್ದು, ಮೂರು ತಿಂಗಳ ನಂತರ ಕೇಳಿದ ಆ ಮಂಗಳಕರವಾದ ಗುಡುಗು. ನಾನು ಲೇಖನಿಯನ್ನು ಕೆಳಗಿಟ್ಟು ಕಣ್ಣು ಮುಚ್ಚಿ ಆಲಿಸಿದೆ. ಆಲಿಸುತ್ತಿದ್ದಂತೆ ಅದರ ನಡುವೆ ಇನ್ನೊಂದು ಸದ್ದು ಕೇಳಿತು.

ಟಕ್.

ಇಂಜಿನ್ ಓಡದ ಟ್ರ್ಯಾಕ್ಟರ್ ಎಷ್ಟು ಸದ್ದಿಲ್ಲದೆ ಚಲಿಸುತ್ತದೆ ಎಂಬುದನ್ನು ನೋಡದವರು ನಂಬುವುದಿಲ್ಲ. ನಾನು ಕಿಟಕಿಗೆ ಹಾರುವಷ್ಟರಲ್ಲಿ ಅದು ಹತ್ತು ಮಾರು ಇಳಿದಿತ್ತು. ಕೂಗಲು ಬಾಯಿ ತೆರೆದೆ. ಸಾವಿರ ಅನ್ಯಾಯಗಳನ್ನು ನಿರರ್ಗಳವಾಗಿ ಖಂಡಿಸಿದ ನನ್ನ ಬಾಯಿಂದ ಆ ಕ್ಷಣ ಒಂದು ಅಕ್ಷರ ಹೊರಡಲಿಲ್ಲ. ಕೂಗಿದವರು ಪಿಳ್ಳಮ್ಮನವರೇ. ತಲೆಯೆತ್ತಿ ನೋಡಿದರು, ಸೀಟಿನ ಮೇಲೆ ಯಾರೂ ಇಲ್ಲದ್ದನ್ನು ಗಮನಿಸದೆ ಗದರಿದರು: "ಯಾವನ್ಲಾ ಅವ್ನು, ಕಣ್ ಕಾಣಕಿಲ್ವಾ? ಹೆಂಗಸ್ರು ಕೂತವ್ರೆ!"

ಆಮೇಲೆ ಗಮನಿಸಿದರು. ಆ ವಯಸ್ಸಿನಲ್ಲಿ ಅಷ್ಟು ಚುರುಕಾಗಿ ಪಕ್ಕಕ್ಕೆ ಉರುಳಿದವರನ್ನು ನಾನು ನೋಡಿಲ್ಲ. ಎಲ್ಲವೂ ಉಳಿಯಿತು, ಎಡಗಾಲೊಂದನ್ನು ಬಿಟ್ಟು. ಟ್ರ್ಯಾಕ್ಟರ್ ಜಗಲಿಗೆ ಗುದ್ದಿತು, ಜಗಲಿಯ ಚಪ್ಪಡಿಕಲ್ಲು ಎದ್ದು ಆ ಕಾಲಿನ ಮೇಲೆ ಬಿತ್ತು, ಟ್ರ್ಯಾಕ್ಟರ್ ಗೋಡೆಗೆ ಮೂಗು ಒರಗಿಸಿ ನಿಂತಿತು. ಬೀದಿಯ ತುಂಬ ಪುರಿ. ಊರಿನ ಕೋಳಿಗಳು ಮಾತ್ರ ಈ ದುರಂತದಲ್ಲಿ ಸಂತೋಷವನ್ನು ಕಂಡವು.

ಓಡಿ ಬಂದ ಮುನಿಶಾಮಪ್ಪ ಚಪ್ಪಡಿಯನ್ನು ಎತ್ತಿದರು. "ಅಕ್ಕಾ, ಭಯ ಬೀಳ್ಬೇಡ. ಈಗ್ಲೇ ಇದ್ರಲ್ಲೇ ಕೂರಿಸ್ಕೊಂಡು ಹೊಸಕೋಟೆ ಆಸ್ಪತ್ರೆಗೆ ಕರ್ಕೊಂಡೋಗ್ತೀನಿ" ಎಂದರು.

ನೋವಿನಲ್ಲಿ ಮುಖ ಹಿಂಡಿಕೊಂಡಿದ್ದರೂ ಪಿಳ್ಳಮ್ಮ ಕೈ ಅಡ್ಡ ಹಿಡಿದರು. "ಬ್ಯಾಡಪ್ಪಾ ತಂದೆ. ಇನ್ನೊಂದ್ ಕಾಲು ಉಳಿದೈತೆ. ಅದನ್ನಾದ್ರೂ ನನಗೆ ಬಿಡು."

ಎತ್ತಿನ ಗಾಡಿಯಲ್ಲಿ ನಂದಗುಡಿಗೆ, ಅಲ್ಲಿಂದ ಬಸ್ಸಿನಲ್ಲಿ ಹೊಸಕೋಟೆಗೆ ಕರೆದೊಯ್ದೆವು. ಡಾಕ್ಟರು ಮೊಣಕಾಲಿನವರೆಗೆ ಬಿಳಿಯ ಕಟ್ಟು ಹಾಕಿ, ಮೂರು ತಿಂಗಳು ಕಾಲೂರಬಾರದು ಎಂದರು. "ಮೂರು ತಿಂಗ್ಳು ನನ್ ಒಲೆ ಯಾರ್ ಹಚ್ತಾರೆ ಸಾಮಿ? ಮನೇಲಿ ಇನ್ನೊಂದ್ ನರಪಿಳ್ಳೆ ಇಲ್ಲ" ಎಂದು ಪಿಳ್ಳಮ್ಮ ಕೇಳಿದ್ದಕ್ಕೆ ಡಾಕ್ಟರು ಮುಂದಿನ ರೋಗಿಯನ್ನು ಕರೆದರು. ನನಗೆ ಕೋಪ ಉಕ್ಕಿತು. ಮರುದಿನ ಮುನಿಶಾಮಪ್ಪನವರನ್ನು ಕರೆದುಕೊಂಡು, ನೋಟುಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಹೊಸಕೋಟೆಯಲ್ಲಿದ್ದ ಟ್ರ್ಯಾಕ್ಟರ್ ಏಜೆಂಟರ ಕಚೇರಿಗೆ ನುಗ್ಗಿದೆ. ಏಜೆಂಟರು ಇರಲಿಲ್ಲ. ತೆಳ್ಳನೆಯ, ತಣ್ಣನೆಯ ಗುಮಾಸ್ತರೊಬ್ಬರು ಇದ್ದರು. ಅವರ ಮೇಜನ್ನು ಗುದ್ದಿ, ಕಾಲು ಗಂಟೆ ಕಾಲ, ಎಲ್ಲರ ಹೆಸರನ್ನೂ ಹಿಡಿದು ಹೇಳಿದೆ. ದೋಷವಿರುವ ಯಂತ್ರವನ್ನು ತಯಾರಿಸಿದವರು, ತಯಾರಾದದ್ದನ್ನು ಪರೀಕ್ಷಿಸದವರು, ಪರೀಕ್ಷಿಸದ್ದನ್ನು ಮಾರಿದವರು, ಮಾರಿದ ಮೇಲೆ ರೈತ ಬದುಕಿದ್ದಾನೋ ಸತ್ತಿದ್ದಾನೋ ಎಂದು ಒಂದು ಸಾಲಿನ ಕಾಗದವನ್ನೂ ಬರೆಯದವರು! "ಒಂದು ಸಾಲು! ಒಂದೇ ಒಂದು ಸಾಲು ಬರೆದಿದ್ದರೆ ಆ ಮುದುಕಿಯ ಕಾಲು ಉಳಿಯುತ್ತಿತ್ತು!"

"ಮುಗೀತಾ ಅಮ್ಮ?" ಎಂದರು ಗುಮಾಸ್ತರು. "ನೀರು ಕುಡೀರಿ."

ನೀರು ಕೊಟ್ಟು, ಬೀರುವಿನಿಂದ ಒಂದು ಕಡತ ತೆಗೆದು, ಮೂರು ಲಕೋಟೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೂರೂ ರಿಜಿಸ್ಟರ್ ಲಕೋಟೆಗಳು. ಮೂರರ ಮೇಲೂ ಮುನಿಶಾಮಪ್ಪನವರ ಹೆಸರು, ಊರು, ಹೋಬಳಿ. ಮೂರರ ಮೇಲೂ ನನಗೆ ಚೆನ್ನಾಗಿ ಪರಿಚಯವಿದ್ದ ಗೋವಿಂದಯ್ಯನವರ ದುಂಡಗಿನ ಕೈಬರಹ: "ವಿಳಾಸದಾರರು ಪಡೆಯಲು ನಿರಾಕರಿಸಿದರು."

ಒಂದನ್ನು ಒಡೆದು ಓದಿದೆ. ಇಂಗ್ಲಿಷಿನಲ್ಲಿತ್ತು. ಆ ವರ್ಷ ತಯಾರಾದ ಕೆಲವು ಟ್ರ್ಯಾಕ್ಟರುಗಳಲ್ಲಿ ಗೇರನ್ನು ಹಿಡಿದು ನಿಲ್ಲಿಸುವ ಸ್ಪ್ರಿಂಗು ದುರ್ಬಲವಾಗಿದೆ. ಗೇರು ತಾನಾಗಿ ಕಳಚಿಕೊಳ್ಳುವ ಅಪಾಯವಿದೆ. ದಯವಿಟ್ಟು ನಿಮ್ಮ ವಾಹನವನ್ನು ಕೂಡಲೇ ಏಜೆಂಟರ ಬಳಿ ತನ್ನಿ, ಪುಕ್ಕಟೆಯಾಗಿ ಬದಲಾಯಿಸಿಕೊಡುತ್ತೇವೆ. ಅಲ್ಲಿಯವರೆಗೆ ಯಾವ ಕಾರಣಕ್ಕೂ ಇಳಿಜಾರಿನಲ್ಲಿ ನಿಲ್ಲಿಸಬೇಡಿ. ಕಾಗದವನ್ನು ಕೆಳಗಿಡಲು ಹೋಗಿ ನೀರಿನ ಲೋಟವನ್ನು ನೋಟುಪುಸ್ತಕದ ಮೇಲೆ ಉರುಳಿಸಿದೆ.

"ಯಜಮಾನರೆ," ಎಂದೆ. "ಇದನ್ನು ಏಕೆ ತೆಗೆದುಕೊಳ್ಳಲಿಲ್ಲ?"

ಮುನಿಶಾಮಪ್ಪ ನನ್ನನ್ನು ಆಶ್ಚರ್ಯದಿಂದ ನೋಡಿದರು. "ನಿಮಗೆ ಹೇಳಿದ್ನಲ್ಲ ಮೇಷ್ಟ್ರಮ್ಮ! ಮೂರು ಸಲಾನೂ ಹೇಳಿದ್ದೆ. ಗೋವಿಂದಣ್ಣ ಸೈ ಹಾಕು, ಕಾಗ್ದ ಕೊಡ್ತೀನಿ ಅಂದ. ಕಾಗ್ದ ಕೊಡು, ಓದಿಸಿ ಸೈ ಹಾಕ್ತೀನಿ ಅಂದೆ. ನೀವು ಚಪ್ಪಾಳೆ ಹೊಡ್ಸಿದ್ರಲ್ಲ?"

ಗುಮಾಸ್ತರು ಕೆಮ್ಮಿದರು. ಅದು ನಗುವೋ ಕೆಮ್ಮೋ ನಾನು ವಿಚಾರಿಸಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ನನಗೆ ಇನ್ನೂ ಒಂದು ಆಸರೆಯಿತ್ತು: ಗೋವಿಂದಯ್ಯ. ಅವರಾದರೂ ಬುದ್ಧಿ ಉಪಯೋಗಿಸಬಹುದಿತ್ತಲ್ಲವೆ? ನಂದಗುಡಿಯಲ್ಲಿ ಇಳಿದವಳೇ ಅಂಚೆ ಕಚೇರಿಯ ಮುಂದೆ ಅವರನ್ನು ಹಿಡಿದು ನಿಲ್ಲಿಸಿದೆ. ಕವರಿನ ಮೇಲೆ ಟ್ರ್ಯಾಕ್ಟರಿನ ಚಿತ್ರವೇ ಇತ್ತು, ಮುಖ್ಯವಾದ ಕಾಗದವೆಂದು ನಿಮಗೆ ತಿಳಿಯಲಿಲ್ಲವೆ ಎಂದು ಕೇಳಿದೆ. ಅವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಟೋಪಿ ಸರಿಮಾಡಿಕೊಂಡು, ಬಹಳ ವಿನಯದಿಂದ ಉತ್ತರ ಕೊಟ್ಟರು.

"ತಿಳೀತು ಮೇಡಂ. ಮೊದ್ಲಾಗಿದ್ರೆ ಅವ್ನ ಸೈ ನಾನೇ ಗೀಚಿ, ಕವರ್ ಕಿತ್ತು, ಕಟ್ಟೆ ಮೇಲ್ ಕೂತು, 'ಲೇ ಮುನಿಶಾಮ, ನಿನ್ ಗಾಡಿ ಗೇರು ಕೆಟ್ಟೈತಂತೆ, ತಗೊಂಡ್ ಹೋಗು' ಅಂತ ಊರಿಗೆಲ್ಲ ಕೇಳಂಗೆ ಕೂಗ್ತಿದ್ದೆ. ಈಗ ಅಂಗೆಲ್ಲ ಮಾಡೋಂಗಿಲ್ಲ. ಪತ್ರದ ಗೌಪ್ಯ ನಾಗರಿಕನ ಹಕ್ಕು. ನಿಮ್ ಕಂಪ್ಲೇಂಟ್ ನಕಲು ಆಫೀಸಲ್ಲೈತೆ, ಬೇಕಾದ್ರೆ ತೋರಿಸ್ತೀನಿ."

ಬೇಡವೆಂದೆ.

ಆ ವಾರವೇ ಏಜೆಂಟರ ಕಡೆಯ ಮೆಕ್ಯಾನಿಕ್ ಬಾಷಾಸಾಬರು ಊರಿಗೇ ಬಂದು ಗೇರುಪೆಟ್ಟಿಗೆಯ ಮುಚ್ಚಳ ಬಿಚ್ಚಿದರು. ಬೀಡಿ ಒಂದು ಮುಗಿಯುವ ಮೊದಲು ಹಳೆಯ ಸ್ಪ್ರಿಂಗು ಹೊರಬಂತು, ಎರಡನೆಯ ಬೀಡಿಗೆ ಹೊಸದು ಒಳಗೆ ಹೋಯಿತು. ಹಳೆಯದನ್ನು ನನ್ನ ಅಂಗೈಯಲ್ಲಿಟ್ಟರು. ನನ್ನ ಕಿರುಬೆರಳಿನಷ್ಟೂ ಉದ್ದವಿರಲಿಲ್ಲ. "ಇಷ್ಟೇ ನೋಡಿ ಅಮ್ಮಾ," ಎಂದರು ಸಾಬರು, "ಇದಕ್ಕೆ ದಮ್ಮಿಲ್ಲ. ಹಿಡ್ಕೊಂಡಂಗ್ ಮಾಡ್ತದೆ, ಹಿಡ್ಕೊಳ್ಳಲ್ಲ." ನಂಜಮ್ಮ ಆ ಕ್ಷಣವೇ ಗುಂಡುಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಇನ್ನು ಮುಂದೆ ಇದನ್ನು ಮುಟ್ಟಿದವರ ಕೈ ಮುರಿಯುತ್ತೇನೆಂದು ಗಂಡನಿಗೆ ಕೇಳುವಂತೆ ಹೇಳಿ ಒರಳಿನಲ್ಲಿ ಕೂರಿಸಿದರು. ಸುಳಿ ನೋಡಿದ ಮುದುಕರಿಬ್ಬರೂ ಬಂದು ಆ ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ನೋಡಿದರು. ಅದು ಸುರುಳಿಯಾಗಿತ್ತು. "ಸುಳಿ!" ಎಂದರು ಒಬ್ಬರು. ಸ್ಪ್ರಿಂಗುಗಳೆಲ್ಲ ಸುರುಳಿಯಾಗಿಯೇ ಇರುತ್ತವೆ ಎಂದು ವಿವರಿಸುವ ಶಕ್ತಿ ಆ ದಿನ ನನ್ನಲ್ಲಿರಲಿಲ್ಲ.

ಈಗ ಹೊಣೆಗಾರರಿಗೆ ನನ್ನ ಬೇಡಿಕೆ. ಕಾರ್ಖಾನೆಯ ಮಹನೀಯರೆ, ನಾನು ನಿಮ್ಮನ್ನು ಬಿಟ್ಟಿಲ್ಲ. ದುರ್ಬಲವಾದ ಸ್ಪ್ರಿಂಗನ್ನು ಹಾಕಿದವರು ನೀವು. ಅದು ತಿಳಿದ ಮೇಲೆ, ಕನ್ನಡವನ್ನೇ ಈಗತಾನೆ ಅಕ್ಷರ ಕೂಡಿಸಿ ಓದುತ್ತಿರುವ ರೈತನಿಗೆ ಇಂಗ್ಲಿಷಿನಲ್ಲಿ ಬರೆದವರು ನೀವು. ಮೂರು ಸಲ ಲಕೋಟೆ ಹಿಂದಿರುಗಿದ ಮೇಲೂ, ಹನ್ನೆರಡು ಮೈಲಿ ದೂರದ ಊರಿಗೆ ಒಬ್ಬ ಮನುಷ್ಯನನ್ನು ಕಳುಹಿಸದೆ ಕಡತವನ್ನು ಬೀರುವಿನಲ್ಲಿಟ್ಟವರೂ ನೀವು ಮತ್ತು ನಿಮ್ಮ ಏಜೆಂಟರು. ಮುಂದೆ ನಿಮ್ಮ ಯಂತ್ರದಲ್ಲಿ ದೋಷ ಕಂಡರೆ ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ, ಒಂದು ಬರಿಯ ಪೋಸ್ಟ್ ಕಾರ್ಡಿನಲ್ಲಿ ಬರೆಯಿರಿ. ಕಾರ್ಡಿಗೆ ಸಹಿ ಬೇಕಾಗಿಲ್ಲ, ಒಡೆಯಬೇಕಾದ ಲಕೋಟೆಯಿಲ್ಲ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಗೋವಿಂದಯ್ಯನವರು ಅದನ್ನು ಅರಳಿಕಟ್ಟೆಯ ಮೇಲೆ ನಿಂತು ಕೂಗಿ ಓದಿದರೆ ನಾನು ದೂರು ಬರೆಯುವುದಿಲ್ಲ. ಇದನ್ನು ಲಿಖಿತವಾಗಿಯೇ ಹೇಳುತ್ತಿದ್ದೇನೆ.

ಇಷ್ಟನ್ನು ಬರೆದು, ಜಗಲಿಯ ಒಳಮಗ್ಗುಲಿನಲ್ಲಿ ಕಾಲು ಚಾಚಿ ಮಲಗಿದ್ದ ಪಿಳ್ಳಮ್ಮನವರಿಗೆ ಓದಿ ಹೇಳಿದೆ. ನಡೆದದ್ದೆಲ್ಲ ಊರಿಗೆ ತಿಳಿದಂತೆ ಅವರಿಗೂ ಅಷ್ಟರಲ್ಲಿ ತಿಳಿದಿತ್ತು. ಅವರು ಶಾಂತವಾಗಿ ಕೇಳಿದರು. ಆಮೇಲೆ, "ಇದು ಅವ್ರಿಗಾಯ್ತು. ಇನ್ನೊಬ್ರು ಅವ್ರೆ, ಅವ್ರಿಗೂ ಬರ್ಕೊಳಿ" ಎಂದರು.

"ಯಾರಿಗೆ?"

"ಬರ್ಕೊಳಿ, ಹೇಳ್ತೀನಿ. ನನ್ ಕಾಲು ನೆಟ್ಟಗಾಗೋಗಂಟ ದಿನಾ ಬೆಳಗ್ಗೆ ಮೇಷ್ಟ್ರಮ್ಮ ನಮ್ ಮನೆಗ್ ಬರ್ಬೇಕು. ಒಲೆ ಹಚ್ಚಬೇಕು. ಒರಳಲ್ಲಿ ಖಾರ ಅರೀಬೇಕು. ನುಣ್ಣಗೆ. ತರಿತರಿ ಇದ್ರೆ ಇನ್ನೊಂದು ದಿನ ಸೇರಿಸ್ತೀನಿ."

ನಾನು ಬರೆದೆ. ನನ್ನ ಪಾಠದ ಪದ್ಧತಿಯಂತೆ ಎರಡು ಸಲ ಗಟ್ಟಿಯಾಗಿ ಓದಿ ಹೇಳಿ, ಹೆಬ್ಬೆಟ್ಟಿಗಾಗಿ ಮಸಿಯನ್ನು ಅವರ ಮುಂದೆ ಹಿಡಿದೆ. 

ಪಿಳ್ಳಮ್ಮ ಮಸಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಲೇಖನಿಯನ್ನು ನನ್ನ ಕಡೆ ತಿರುಗಿಸಿದರು.

"ನಂದಲ್ಲ ತಾಯಿ. ಎರಡ್ ಸಲ ಓದಿದ್ರಲ್ಲ? ಸೈ ಹಾಕಿ."